ತಮ್ಮನ ಜೇಬಿಗೊಂದು ಗಟ್ಟಿ ಚಾಕು

(ಸೇನೆಯ ಎಂಜಿನಿಯರ್ ತುಕಡಿಯಲ್ಲಿ 21 ವರ್ಷ ಇದ್ದು, ಕೊನೆಯ ಆರು ವರ್ಷ ಅಲ್ಲಿನ ಸಲಕರಣೆ ಸ್ಟೋರ್ ನೋಡಿಕೊಂಡ ನಿವೃತ್ತ ಸೈನಿಕರೊಬ್ಬರು ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ತಮ್ಮ ಸೇನೆಯಲ್ಲಿದ್ದಾನೆ. ಇನ್ನೆರಡು ತಿಂಗಳಲ್ಲಿ ಅವನ ತುಕಡಿ ಮರಳುಗಾಡಿನ ಕಡೆ ಹೊರಡುತ್ತದೆ, ಹತ್ತು ತಿಂಗಳ ನಿಯೋಜನೆ. "ಮಡಚೋ ಚಾಕು ಒಂದು ಕೊಡಿಸಕ್ಕ, ಗಟ್ಟಿ ಇರಬೇಕು, ಮುರೀಬಾರದು" ಅಂದಿದ್ದಾನೆ. ಹುಡುಕಲು ಕೂತರೆ ನೂರಾರು ಸಿಗುತ್ತವೆ. ಎಸ್30ವಿ, ಡಿ2 ಅಂತ ಉಕ್ಕಿನ ಹೆಸರುಗಳು, ಹತ್ತು ಥರದ ಲಾಕ್‌ಗಳು. ಅಡುಗೆಮನೆಯ ಚಾಕು ಬಿಟ್ಟರೆ ನನಗೇನೂ ಗೊತ್ತಿಲ್ಲ. ಎಲ್ಲಕ್ಕಿಂತ ಗಟ್ಟಿ ಯಾವುದು?
— ಒಬ್ಬ ಅಕ್ಕ

ಉತ್ತರ: ನೋಡಮ್ಮ, ಚಾಕು ನೋಡುವ ಮೊದಲು ತಮ್ಮನಿಗೆ ಒಂದು ಫೋನ್ ಮಾಡಿ. ತುಕಡಿಯಲ್ಲಿ ಸ್ವಂತ ಚಾಕು ಇಟ್ಟುಕೊಳ್ಳಲು ಬಿಡುತ್ತಾರಾ, ಅಲಗು ಎಷ್ಟು ಉದ್ದದವರೆಗೆ ಆಗುತ್ತದೆ, ಸ್ಪ್ರಿಂಗ್‌ನಿಂದ ತಾನಾಗಿ ತೆರೆಯುವಂಥದ್ದು ನಡೆಯುತ್ತದಾ, ಇವನ್ನು ಮೇಲಿನವರ ಹತ್ತಿರ ಕೇಳಿಕೊಂಡು ಬರಲಿ. ದಾರಿಯಲ್ಲಿ ಇಳಿಯುವ ದೇಶದ ಕಾನೂನು ಬೇರೆಯೇ ಇರಬಹುದು. ಬ್ರಿಟನ್ನಿನಲ್ಲಿ ಲಾಕ್ ಆಗುವ ಮಡಚು ಚಾಕುವನ್ನು ಸಕಾರಣವಿಲ್ಲದೆ ಜೇಬಿನಲ್ಲಿಟ್ಟು ಓಡಾಡುವಂತಿಲ್ಲ, ಅಲಗು ಎಷ್ಟೇ ಚಿಕ್ಕದಿರಲಿ. ಇಷ್ಟು ಕೇಳದೆ ಕೊಂಡ ಒಳ್ಳೊಳ್ಳೆಯ ಚಾಕುಗಳು ನನ್ನ ಸ್ಟೋರಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಹೆಸರಿನ ಚೀಟಿ ಕಟ್ಟಿಸಿಕೊಂಡು ವರ್ಷಗಟ್ಟಲೆ ಬಿದ್ದಿದ್ದವು.

ಇನ್ನು "ಮುರೀಬಾರದು" ಅಂದನಲ್ಲ, ಆ ಮಾತಿಗೆ ಬರೋಣ. ನನ್ನ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಅಡ್ಡಕ್ಕೆ ಒಂದು ಗಾಯದ ಗುರುತಿದೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಮರದ ಪೆಟ್ಟಿಗೆಯೊಂದರ ಮುಚ್ಚಳ ತೆಗೆಯಬೇಕಿತ್ತು, ಸನ್ನೆಕೋಲು ಲಾರಿಯಲ್ಲಿತ್ತು, ಲಾರಿ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಜೇಬಿನಲ್ಲಿ ಹೊಸ ಚಾಕು. ಸಂದಿಗೆ ಅಲಗು ತೂರಿಸಿ ಮೀಟಿದೆ. ಮೊದಲು ಮೊನೆ ಟಿಕ್ ಅಂತ ಹಾರಿತು. ಅಷ್ಟಕ್ಕೇ ಬಿಡಬೇಕಿತ್ತು, ಬಿಡಲಿಲ್ಲ. ಉಳಿದ ಮೋಟು ಅಲಗನ್ನೇ ಒಳಗೆ ತಳ್ಳಿ ತಿರುಚಿದೆ. ಲಾಕ್ ಜಾರಿ ಅಲಗು ಮಡಚಿಕೊಂಡಿತು. ನಡುವೆ ಇದ್ದದ್ದು ನನ್ನ ಬೆರಳು. ಆ ಚಾಕು ಮಾಡಿದವರನ್ನು ಬಹಳ ದಿನ ಬೈದೆ. ಈಗ ಯೋಚಿಸಿದರೆ ಅವರದ್ದು ಅರ್ಧ ತಪ್ಪು, ಇನ್ನರ್ಧ ಇನ್ನೂರು ಹೆಜ್ಜೆ ನಡೆಯದ ನನ್ನ ಸೋಮಾರಿತನದ್ದು.

ಮಡಚುವ ಚಾಕುವಿನಲ್ಲಿ ಅಲಗು ಎಷ್ಟೇ ದಪ್ಪವಿರಲಿ, ಅದನ್ನು ಹಿಡಿದಿಟ್ಟಿರುವುದು ಒಂದು ಕೀಲು, ಒಂದು ತಡೆ, ಒಂದು ಲಾಕ್. ಹಾಗಾಗಿ ಅಂಗಡಿಯವರು ಉಕ್ಕಿನ ಹೆಸರು ಹೇಳುತ್ತಾ ಕೂತಾಗ ನೀವು ಲಾಕ್ ನೋಡಿ.

ಹೆಚ್ಚು ಕಾಣುವುದು ಲೈನರ್ ಲಾಕ್. ಹಿಡಿಯ ಒಳಗಿನ ತೆಳ್ಳನೆ ಲೋಹದ ಪಟ್ಟಿ ಬದಿಗೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಸರಳ, ಹಗುರ, ಒಂದೇ ಕೈಯಲ್ಲಿ ಮುಚ್ಚಬಹುದು. ಆದರೆ ನಿಮ್ಮ ತಮ್ಮ ಹೋಗುತ್ತಿರುವುದು ಮರಳಿಗೆ. ಮರಳು ಆ ಸಂದಿಯಲ್ಲಿ ಕೂತರೆ ಪಟ್ಟಿ ಪೂರ್ತಿ ಸರಿಯದೆ ಅರ್ಧಕ್ಕೇ ನಿಲ್ಲುತ್ತದೆ. ತೆರೆದವನಿಗೆ ಲಾಕ್ ಬಿದ್ದಂತೆ ಅನಿಸುತ್ತದೆ, ಬಿದ್ದಿರುವುದಿಲ್ಲ. ಫ್ರೇಮ್ ಲಾಕ್ ಇದರ ಅಣ್ಣ. ಇಲ್ಲಿ ಹಿಡಿಯ ಒಂದು ಪಕ್ಕವೇ ಆ ಪಟ್ಟಿಯ ಕೆಲಸ ಮಾಡುತ್ತದೆ. ಲೋಹ ದಪ್ಪ, ಜೊತೆಗೆ ಬಿಗಿಯಾಗಿ ಹಿಡಿದಷ್ಟೂ ನಮ್ಮ ಬೆರಳೇ ಲಾಕನ್ನು ಒತ್ತಿಕೊಂಡಿರುತ್ತದೆ. ನನಗೆ ಇಷ್ಟ.

ಬೆನ್ನಿನ ಕಡೆ ಒತ್ತಿ ಬಿಡಿಸುವ ಬ್ಯಾಕ್ ಲಾಕ್ ಹಳೆಯ ಕೈ. 1964ರಲ್ಲಿ ಬಂದ ಬಕ್ 110 ಎಂಬ ಚಾಕು ಇದನ್ನು ಮನೆಮಾತು ಮಾಡಿತು. ಅದರ ಗಟ್ಟಿತನಕ್ಕೆ ಎದುರಾಡುವುದಿಲ್ಲ, ಆದರೆ ಮುಚ್ಚಲು ಸಾಮಾನ್ಯವಾಗಿ ಎರಡು ಕೈ ಬೇಕು. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಕೇಬಲ್ ಹಿಡಿದಿರುವವನಿಗೆ ಎರಡನೆಯ ಕೈ ಎಲ್ಲಿಂದ ಬರಬೇಕು? ಇದೇ ಬ್ಯಾಕ್ ಲಾಕನ್ನು ಆಂಡ್ರ್ಯೂ ಡೆಮ್ಕೊ ಎನ್ನುವವರು ತಿದ್ದಿದರು. ಅಲಗಿಗೂ ಲಾಕಿಗೂ ನಡುವೆ ದಪ್ಪನೆಯ ಒಂದು ಪಿನ್ ಕೂರಿಸಿ, ಹೊರೆಯೆಲ್ಲ ಅದರ ಮೇಲೆ ಬೀಳುವಂತೆ ಮಾಡಿದರು. ಕೋಲ್ಡ್ ಸ್ಟೀಲ್ ಚಾಕುಗಳಲ್ಲಿ ಟ್ರೈ-ಆಡ್ ಎಂಬ ಹೆಸರಿನಲ್ಲಿ ಸಿಗುವುದು ಅದೇ. ಬರೀ ಲಾಕಿನ ಬಲ ಕೇಳಿದರೆ ನನ್ನ ಬೆರಳು ಅದರ ಕಡೆಗೇ ಹೋಗುತ್ತದೆ. ಬಿಡಿಸಲು ಮಾತ್ರ ಹೆಬ್ಬೆರಳಿಗೆ ಚೆನ್ನಾಗಿ ಕಸುವು ಬೇಕು.

ಬೆಂಚ್‌ಮೇಡ್‌ನವರು 1998ರಲ್ಲಿ ತಂದ ಆಕ್ಸಿಸ್ ಲಾಕ್‌ನಲ್ಲಿ ಅಡ್ಡಕ್ಕೆ ಒಂದು ಉಕ್ಕಿನ ಕಡ್ಡಿ. ಎರಡೂ ಬದಿಯಿಂದ ಹಿಂದಕ್ಕೆಳೆದರೆ ಅಲಗು ಬಿಡುತ್ತದೆ. ಎಡಗೈಯವರಿಗೂ ಸರಿ, ಬಲಗೈಯವರಿಗೂ ಸರಿ. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರುವುದಿಲ್ಲ, ಕೈಗವಸು ಹಾಕಿದವನಿಗೆ ಇದು ದೊಡ್ಡ ಅನುಕೂಲ. ಒಳಗೆ ಕೂದಲೆಳೆಯಂಥ ಎರಡು ಸ್ಪ್ರಿಂಗ್ ಇರುತ್ತವೆ, ಬಹಳ ಬಳಸಿದ ಮೇಲೆ ಕೆಲವೊಮ್ಮೆ ಒಂದು ತುಂಡಾಗುವುದುಂಟು. ಇನ್ನೊಂದು ಇರುವುದರಿಂದ ಚಾಕು ಅಲ್ಲೇ ಕೈಕೊಡುವುದಿಲ್ಲ. ನಿಮ್ಮ ತಮ್ಮನಿಗೆ ನಾನೇ ಆರಿಸುವುದಾದರೆ ಇದನ್ನೋ, ಫ್ರೇಮ್ ಲಾಕನ್ನೋ ಆರಿಸುತ್ತೇನೆ.

ಕೈಗೆ ಬಂದ ಚಾಕುವನ್ನು ಹೀಗೆ ಪರೀಕ್ಷಿಸಿ. ಪೂರ್ತಿ ತೆರೆದು, ಬೆರಳುಗಳು ಅಲಗಿನ ದಾರಿಯಲ್ಲಿ ಇಲ್ಲದಂತೆ ಹಿಡಿ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಲಾಕ್ ಕದಲಬಾರದು. ಆಮೇಲೆ ಅಲಗನ್ನು ಬೆನ್ನಿನ ಕಡೆಯಿಂದ ಚಿವುಟಿ ಹಿಡಿದು ಅಲ್ಲಾಡಿಸಿ. ಎಡಬಲಕ್ಕೆ ತುಸು ಆಡಿದರೆ ಕೀಲಿನ ಸ್ಕ್ರೂ ಬಿಗಿ ಮಾಡಿದರಾಯಿತು. ಮೇಲೆ ಕೆಳಗೆ ಆಡಿದರೆ ಅದು ಲಾಕಿನ ದೋಷ, ಸ್ಕ್ರೂನಿಂದ ಸರಿಹೋಗುವುದಿಲ್ಲ, ಮಾತಿಲ್ಲದೆ ವಾಪಸ್ ಕೊಡಿ.

ಉಕ್ಕಿನ ಬಗ್ಗೆ ಜನ ರಾತ್ರಿಯಿಡೀ ಜಗಳವಾಡುತ್ತಾರೆ. ನನ್ನದು ಚಿಕ್ಕ ಮಾತು. ಉಕ್ಕನ್ನು ಬಲು ಗಡಸು ಮಾಡಿದರೆ ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಪೆಟ್ಟು ಬಿದ್ದರೆ ಬಾಯಿ ಚಕ್ಕೆ ಏಳುತ್ತದೆ. ಮೆದು ಬಿಟ್ಟರೆ ಚಕ್ಕೆ ಏಳದು, ಬೇಗ ಮೊಂಡಾಗುತ್ತದೆ. ಗಡಸುತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ 58ರಿಂದ 60ರ ಆಸುಪಾಸು ಇದ್ದರೆ ಇಂಥ ಕೆಲಸಕ್ಕೆ ಹದ. ನೀವು ಕೇಳಿದ ಎಸ್30ವಿ 2001ರಲ್ಲಿ ಚಾಕುಗಳಿಗೆಂದೇ ಬಂದ ಉಕ್ಕು. ಹರಿತ ಚೆನ್ನಾಗಿ ನಿಲ್ಲುತ್ತದೆ, ಅದರಲ್ಲಿರುವ ವನೇಡಿಯಂನಿಂದಾಗಿ ಸಾದಾ ಸಾಣೆಕಲ್ಲಿಗೆ ಬೇಗ ಬಗ್ಗುವುದಿಲ್ಲ, ವಜ್ರದ ಪುಡಿ ಕೂರಿಸಿದ ಪಟ್ಟಿ ಬೇಕು. ಡಿ2ನಲ್ಲಿ ಇಂಗಾಲ ಸುಮಾರು 1.5%, ಕ್ರೋಮಿಯಂ ಸುಮಾರು 12%. ತುಕ್ಕು ಹಿಡಿಯುವುದಿಲ್ಲ ಎನ್ನುವ ಗೆರೆಯ ಹತ್ತಿರ ಬಂದು ನಿಂತದ್ದು. ಬೆವರಿದ ಜೇಬಿನಲ್ಲಿ ವಾರಗಟ್ಟಲೆ ಒರೆಸದೆ ಬಿಟ್ಟರೆ ಚುಕ್ಕೆ ಚುಕ್ಕೆ ತುಕ್ಕು ಕಾಣುತ್ತದೆ. ಲ್ಯಾರಿನ್ ಥಾಮಸ್ ರೂಪಿಸಿದ ಮ್ಯಾಗ್ನಾಕಟ್ 2021ರಲ್ಲಿ ಬಂತು. ಹರಿತ, ಗಟ್ಟಿತನ, ತುಕ್ಕು ತಡೆ ಮೂರೂ ಒಂದರಲ್ಲೇ ಒಳ್ಳೆಯ ಮಟ್ಟದಲ್ಲಿವೆ. ಕೈ ಬಿಚ್ಚುವುದಾದರೆ ತೆಗೆದುಕೊಳ್ಳಿ.

ಆದರೂ 420ಎಚ್‌ಸಿ, ಎಯುಎಸ್-8, 14ಸಿ28ಎನ್‌ನಂಥ ಸಾಧಾರಣ ಉಕ್ಕನ್ನು ಕೀಳಾಗಿ ಕಾಣಬೇಡಿ. ಬೇಗ ಮೊಂಡಾಗುತ್ತವೆ ನಿಜ. ಐದು ನಿಮಿಷ ಮಸೆದರೆ ಮತ್ತೆ ಹೊಸದು. ದುಬಾರಿ ಉಕ್ಕಿನ ಚಾಕು ಇಟ್ಟುಕೊಂಡು ಮಸೆಯಲು ಬಾರದೆ ಮೂರು ತಿಂಗಳು ಮೊಂಡು ಅಲಗಿನಲ್ಲಿ ಹಗ್ಗ ಉಜ್ಜುತ್ತಾ ಕೂತವರನ್ನು ನೋಡಿದ್ದೇನೆ. ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗಲೇ ಜಾರುತ್ತದೆ. ಬಂಗಾರದ ಕತ್ತಿ ಅಂತ ಕುತ್ತಿಗೆ ಕೊಯ್ದುಕೊಳ್ಳೋಕಾಗುತ್ತಾ?

ಗಾತ್ರ: ಅಲಗು ಮೂರರಿಂದ ಮೂರೂವರೆ ಇಂಚು, ಬೆನ್ನಿನ ದಪ್ಪ 3ರಿಂದ 4 ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ಕತ್ತರಿಸುವ ಬದಲು ಸೀಳುತ್ತದೆ. ಮೊನೆಯ ಕಡೆ ಬೆನ್ನು ಮೆಲ್ಲಗೆ ಇಳಿಯುವ ಡ್ರಾಪ್ ಪಾಯಿಂಟ್ ಆಕಾರ ಸಾಕು. ಉಳಿಯ ಬಾಯಂತೆ ಕಾಣುವ ಟ್ಯಾಂಟೊ ಆಕಾರ ಹುಡುಗರಿಗೆ ಇಷ್ಟ, ಮಸೆಯುವಾಗ ಅದರ ಮೂಲೆ ತಲೆನೋವು. ಹಿಡಿಗೆ ಜಿ10, ಅಂದರೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಒತ್ತಿ ಮಾಡಿದ ಹಲಗೆ. ಕೈ ಒದ್ದೆಯಿದ್ದರೂ ಜಾರುವುದಿಲ್ಲ. ಬರಿ ಅಲ್ಯೂಮಿನಿಯಂ ಹಿಡಿ ಮಧ್ಯಾಹ್ನದ ಬಿಸಿಲಲ್ಲಿ ಸುಡುತ್ತದೆ, ಚಳಿರಾತ್ರಿ ಕೊರೆಯುತ್ತದೆ. ತೆರೆಯಲು ಅಲಗಿನಲ್ಲಿ ಗುಂಡನೆ ತೂತು ಇರುವುದನ್ನು ನೋಡಿ. ಸ್ಪೈಡರ್ಕೊ 1981ರಲ್ಲಿ ತಂದ ಉಪಾಯ. ಕೈಗವಸಿನ ಹೆಬ್ಬೆರಳು ಕೆಲವು ಚಾಕುಗಳ ಅಲಗಿಗೆ ಕೂರಿಸಿರುವ ಚಿಕ್ಕ ಗುಂಡಿಗಿಂತ ತೂತನ್ನೇ ಬೇಗ ಹುಡುಕಿಕೊಳ್ಳುತ್ತದೆ. ಅಲಗು ಮಿರಮಿರ ಹೊಳೆಯುವುದು ಬೇಡ, ಮಬ್ಬು ಬಣ್ಣದ್ದು ಸಾಕು.

ಒಂದು ಭಾರೀ ಚಾಕುವಿಗೆ ಹಾಕುವ ಹಣದಲ್ಲಿ ಮಧ್ಯಮ ದರ್ಜೆಯ ಎರಡು ಬರುವುದಾದರೆ ಎರಡು ತೆಗೆದುಕೊಳ್ಳಿ, ಒಂದೇ ಮಾದರಿಯವು. ಒಂದು ಕಳೆದುಹೋಗುತ್ತದೆ. ಹೋಗಬಹುದು ಅಂತಲ್ಲ, ಹೋಗುತ್ತದೆ. ಜೊತೆಗೆ ಆ ಚಾಕುವಿನ ಸ್ಕ್ರೂಗೆ ಕೂರುವ, ನಕ್ಷತ್ರದಾಕಾರದ ತುದಿಯ ಟಾರ್ಕ್ಸ್ ಬಿಟ್, ಸಾಮಾನ್ಯವಾಗಿ ಟಿ6, ಟಿ8, ಟಿ10, ಮತ್ತು ಬೆರಳುದ್ದದ ಮಸೆಯುವ ಪಟ್ಟಿ. ಹೊರಡುವ ಹಿಂದಿನ ದಿನ ಕೊಡಬೇಡಿ, ಈಗಲೇ ಕೊಡಿ. ಎರಡು ತಿಂಗಳು ರಟ್ಟು, ಹಗ್ಗ ಕತ್ತರಿಸಿ ಮೂರು ಸಲ ಮಸೆದಿರಲಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬಾರದು ಅಂತ ಅವನಿಗೂ ಗೊತ್ತಿರುತ್ತದೆ, ಆದರೂ ಹೇಳಿ.

ಪ್ರಶ್ನೆ: ಅರ್ಧ ಗರಗಸದ ಹಲ್ಲು, ಅರ್ಧ ನುಣುಪು ಇರುವ ಅಲಗು ಒಳ್ಳೆಯದೋ, ಪೂರ್ತಿ ನುಣುಪೋ?
— ತರಬೇತಿಯಲ್ಲಿರುವ ಓದುಗ

ಉತ್ತರ: ಏನು ಕತ್ತರಿಸುತ್ತೀಯಪ್ಪ ಅನ್ನುವುದರ ಮೇಲೆ. ಸರಂಜಾಮು ಬಿಗಿಯುವ ನೈಲಾನ್ ಪಟ್ಟಿ, ಸೀಟ್ ಬೆಲ್ಟ್, ದಪ್ಪ ಹಗ್ಗಕ್ಕೆ ಹಲ್ಲು ಹುಲಿ, ಮೊಂಡಾದ ಮೇಲೂ ಒಂದಿಷ್ಟು ದಿನ ಹರಿಯುತ್ತಿರುತ್ತದೆ. ರಟ್ಟು, ಟೇಪು, ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿಯುವುದು, ಕಡ್ಡಿ ಕೆತ್ತುವುದಕ್ಕೆ ನುಣುಪು ಬೇಕು. ಅರ್ಧ-ಅರ್ಧದ ಚಾಕುವಿನಲ್ಲಿ ಹಲ್ಲು ಇರುವುದು ಹಿಡಿಯ ಹತ್ತಿರ. ಕೆತ್ತುವಾಗ ಕೈಬಲ ಚೆನ್ನಾಗಿ ಬೀಳುವ ಜಾಗವೂ ಅದೇ. ಅದಕ್ಕೇ ನನಗೆ ಸರಿಬರಲಿಲ್ಲ. 550 ಕಾರ್ಡ್ ಅನ್ನುವ ಪ್ಯಾರಾಶೂಟ್ ಹಗ್ಗ ಸುಮಾರು 250 ಕಿಲೋ ಭಾರ ತಾಳುತ್ತದೆ, ಆದರೆ ಹರಿತವಾದ ನುಣುಪು ಅಲಗಿಗೆ ಒಂದೇ ಎಳೆತ. ಗಾಯಾಳುವಿನ ಬಟ್ಟೆ ಕತ್ತರಿಸಲು ಎರಡೂ ಬೇಡ, ಮೊಂಡು ತುದಿಯ ಕತ್ತರಿಯೇ ಬೇಕು.

ಪ್ರಶ್ನೆ: ಚಾಕುವಿನ ಬದಲು ಮಲ್ಟಿಟೂಲ್ ಕೊಟ್ಟರೆ ಆಗದೇ?
— ಯೋಧನ ತಂದೆ

ಉತ್ತರ: ಆಗುತ್ತದೆ, ಎಷ್ಟೋ ಸಲ ಅದೇ ಮೇಲು. ಟಿಮ್ ಲೆದರ್‌ಮನ್ 1983ರಲ್ಲಿ ಇಕ್ಕಳಕ್ಕೆ ಚಾಕು, ಸ್ಕ್ರೂಡ್ರೈವರ್ ಸೇರಿಸಿ ಮಾರಾಟಕ್ಕೆ ತಂದ ಮೇಲೆ ನಮ್ಮ ತುಕಡಿಗಳಲ್ಲಿ ಚಾಕುವಿನ ಮಾನ ಉಳಿದದ್ದೇ ಹೆಚ್ಚು. ಅರ್ಧದಷ್ಟು ಚಾಕುಗಳು ಮುರಿಯುತ್ತಿದ್ದದ್ದು ಸ್ಕ್ರೂಡ್ರೈವರ್ ಮಾಡಬೇಕಾದ ಕೆಲಸಕ್ಕೆ. ಸ್ವಿಸ್ ಸೇನೆ 1891ರಿಂದಲೂ ಸೈನಿಕನಿಗೆ ಕೊಡುತ್ತಾ ಬಂದಿರುವುದು ಸ್ಕ್ರೂಡ್ರೈವರ್, ಡಬ್ಬಿ ತೆರೆಯುವ ಕೊಕ್ಕೆ ಇರುವ ಚಾಕುವನ್ನೇ. 2008ರ ಹೊಸ ಮಾದರಿಗೆ ಒಂದೇ ಕೈಯಲ್ಲಿ ತೆರೆಯುವ, ಲಾಕ್ ಬೀಳುವ ಅಲಗನ್ನೂ ಕೂರಿಸಿದರು. ತೊಡಕು ಇಷ್ಟೇ: ಮಲ್ಟಿಟೂಲ್ ಭಾರ, ಅದರ ಹಿಡಿ ಹೆಚ್ಚು ಹೊತ್ತು ಕತ್ತರಿಸುವಾಗ ಅಂಗೈ ಒತ್ತುತ್ತದೆ. ಬೆಲ್ಟಿನಲ್ಲಿ ಅದು, ಜೇಬಿನಲ್ಲಿ ಸಣ್ಣ ಚಾಕು. ನಾನು ಕೊನೆಯವರೆಗೂ ಹಾಗೇ ಇದ್ದೆ.

ಪ್ರಶ್ನೆ: ಮರಳು ಹೊಕ್ಕು ಚಾಕು ಕರಕರ ಅನ್ನುತ್ತದೆ. ಯಾವ ಎಣ್ಣೆ ಹಾಕಲಿ?
— ಹೆಸರು ಬೇಡ

ಉತ್ತರ: ಮೊದಲು ಎಣ್ಣೆ ನಿಲ್ಲಿಸಿ. ಎಣ್ಣೆ ಬಳಿದಷ್ಟೂ ಮರಳು ಅಂಟುತ್ತದೆ, ಎರಡೂ ಸೇರಿ ಕೀಲನ್ನು ತೇಯುವ ಹಿಟ್ಟಾಗುತ್ತದೆ. ನೀರಲ್ಲಿ ಜಾಲಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಲಾಕಿನ ಸಂದಿ ಉಜ್ಜಿ, ಜೋರಾಗಿ ಊದಿ, ಪೂರ್ತಿ ಒಣಗಿಸಿ. ಆಮೇಲೆ ಕೀಲಿಗೆ ಮಾತ್ರ ಸೂಜಿಮೊನೆಯಷ್ಟು ಎಣ್ಣೆ, ಇಲ್ಲವೇ ಒಣಗಿ ಪದರವಾಗಿ ಕೂರುವ ಟೆಫ್ಲಾನ್ ಲೂಬ್ರಿಕೆಂಟ್. ಲಾಕಿನ ಮುಖಕ್ಕೆ ಎಣ್ಣೆ ತಾಗಲೇಬಾರದು, ಅಲ್ಲಿ ಜಾರುವುದೇ ಅಪಾಯ. ಸ್ಕ್ರೂ ಸಡಿಲಾಗುತ್ತಿದ್ದರೆ ನೀಲಿ ಬಣ್ಣದ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು, ಒಂದು ಹನಿ. ಕೆಂಪು ಬೇಡ, ಅದು ಹಿಡಿದರೆ ಬಿಸಿ ಮಾಡದೆ ಬಿಡುವುದಿಲ್ಲ.

ಪ್ರಶ್ನೆ: ನಾನು ನೌಕೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೇನೆ. ನಿಮ್ಮ ಮರಳುಗಾಡಿನ ಚಾಕು ಅಲ್ಲಿಗೂ ಆಗುತ್ತದಾ?
— ಹೊಸ ನಾವಿಕ

ಉತ್ತರ: ಇಲ್ಲ. ಉಪ್ಪುಗಾಳಿಗೆ ಡಿ2 ನಿಲ್ಲದು. ಎಚ್1 ಅಂತ ಒಂದು ಉಕ್ಕಿದೆ, ಇಂಗಾಲ ತೀರ ಕಡಿಮೆ ಇಟ್ಟು ನೈಟ್ರೋಜನ್ ಸೇರಿಸಿ ಮಾಡಿದ್ದು, ಸಮುದ್ರದ ನೀರಿಗೂ ತುಕ್ಕು ಹಿಡಿಯದು. ಎಲ್‌ಸಿ200ಎನ್ ಕೂಡ ಆಗಬಹುದು. ಮೊನೆ ಚೂಪು ಇರದ ಶೀಪ್ಸ್‌ಫೂಟ್ ಆಕಾರ ತೆಗೆದುಕೊಳ್ಳಿ, ಹಡಗು ಓಲಾಡುವಾಗ ಹಗ್ಗ ಕತ್ತರಿಸುವ ಚಾಕು ಪಕ್ಕದವನ ತೊಡೆಗೆ ಚುಚ್ಚಬಾರದು. ಹಿಡಿಯ ತೂತಿಗೆ ಒಂದು ದಾರ ಕಟ್ಟಿ ಬೆಲ್ಟಿಗೆ ಬಿಗಿದುಕೊಳ್ಳಿ. ನಮ್ಮ ತುಕಡಿಯನ್ನು ಒಮ್ಮೆ ಹಡಗಿನಲ್ಲಿ ಸಾಗಿಸಿದ್ದರು. ಎರಡನೆಯ ದಿನ ಬೆಳಿಗ್ಗೆ ಕಟಕಟೆಗೆ ಒರಗಿ ಉಗುರಿನ ಕೊಳೆ ತೆಗೆಯುತ್ತಾ ನಿಂತಿದ್ದೆ. ದಾರ ಕಟ್ಟಿರಲಿಲ್ಲ. ಮೇಲೆ ಅಕ್ಕನಿಗೆ ಎರಡು ಕೊಳ್ಳಿ ಅಂದೆನಲ್ಲ, ಅವತ್ತು ನನ್ನ ಹತ್ತಿರ ಎರಡನೆಯದು ಇತ್ತು.