ಓದುಗರ ಪ್ರಶ್ನೆ: ಮನೆಯಲ್ಲಿ ಕೂಡಿಸುವ ಡೈವರ್ (ಮುಳುಗುಗಾರರ) ವಾಚು

ಪ್ರಶ್ನೆ: ರೋಲೆಕ್ಸ್ ಸಬ್‌ಮೆರಿನರ್ ಹಂಗ ಕಾಣೋ ಆಟೋಮ್ಯಾಟಿಕ್ ವಾಚು ನಾನಽ ಕೂಡಿಸಬೇಕಂತ ಮಾಡೀನ್ರಿ. ಏನೇನು ತರಿಸಬೇಕು? ರೋಲೆಕ್ಸ್ ಅಂತ ಬರೆದಿರೋ ಡಯಲ್ಲೂ ಸಿಗ್ತಾವಂತ, ತರಿಸಲ್ರಿ?
— ಟಿಳಕವಾಡಿ, ಬೆಳಗಾವಿ

ಬರೆದಿರುವ ಡಯಲ್ ಬೇಡ. 1953ರಿಂದ ಬಂದ ಆ ರೂಪವನ್ನು ಹತ್ತಾರು ಕಂಪನಿಗಳು ಅನುಸರಿಸಿವೆ, ಅದಕ್ಕೆ ತಕರಾರಿಲ್ಲ. ಹೆಸರು ಮತ್ತು ಕಿರೀಟದ ಗುರುತಿನ ಮಾತೇ ಬೇರೆ. ಸುಳ್ಳು ಗುರುತು ಹಾಕುವುದು, ಅಂಥ ಮಾಲು ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಅಪರಾಧ. 6 ತಿಂಗಳಿಂದ 3 ವರ್ಷದವರೆಗೆ ಶಿಕ್ಷೆಯಿದೆ. ಬರಹವೇ ಇಲ್ಲದ ಡಯಲ್ ತರಿಸಿ, ನೋಡಲೂ ಅದೇ ಚೆಂದ.

ಮಷೀನ್ ಸೈಕೋದವರ ಎನ್‌ಎಚ್35 ಇರಲಿ. 24 ಜ್ಯುವೆಲ್ (ಸವೆತ ತಡೆಯುವ ಹರಳು), ಗಂಟೆಗೆ 21,600 ಬಡಿತ, ಪೂರ್ತಿ ಚಾವಿ ತುಂಬಿದರೆ ಸುಮಾರು 41 ತಾಸು ಓಟ. ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ ಹೋದರೂ ಕಂಪನಿಯ ಲೆಕ್ಕದಲ್ಲಿ ಸರಿಯೇ. ಇದಕ್ಕೆ 28.5 ಮಿ.ಮೀ. ಡಯಲ್ ಸಾಮಾನ್ಯ. ಮುಳ್ಳುಗಳ ತೂತು ತಾಸಿನದು 1.5, ನಿಮಿಷದ್ದು 0.9, ಸೆಕೆಂಡಿನದು 0.2 ಮಿ.ಮೀ. ಬೇರೆ ಮಷೀನಿನ ಮುಳ್ಳು ತರಿಸಿದರೆ ಒಂದೋ ಕೂರುವುದಿಲ್ಲ, ಇಲ್ಲವೇ ಗಿರಗಿರ ತಿರುಗುತ್ತದೆ. ಕೇಸಿನ ಕ್ರೌನ್ (ಚಾವಿ ಕೊಡುವ ತಿರುಗಣೆ) 3 ಗಂಟೆಯ ಜಾಗದಲ್ಲಿದೆಯೋ, ಸ್ವಲ್ಪ ಕೆಳಗೆ 3.8ರಲ್ಲೋ ಎಂದು ಮೊದಲೇ ಕೇಳಿ, ಡಯಲ್ಲೂ ಅದಕ್ಕೆ ಹೊಂದುವಂಥದ್ದೇ ಬೇಕು. ಹೆಚ್ಚು ಜನ ಮೋಸಹೋಗುವುದು ಇಲ್ಲಿ: ಡಯಲ್ಲಿನ ಹಿಂಬದಿಯ ಕಾಲು (ಸಣ್ಣ ಕಡ್ಡಿ) ಮಷೀನಿನ ತೂತಿಗೆ ಸೇರದೆ ತಾರೀಖಿನ ಕಿಟಕಿ ಸೊಟ್ಟಗಾಗುತ್ತದೆ.

ಉಪಕರಣಗಳಲ್ಲಿ ಚಿಮಟ, ಭೂತಗನ್ನಡಿ, ಮುಳ್ಳು ಒತ್ತುವ ಕಡ್ಡಿ, ರಬ್ಬರ್ ಊದುಕ, ಬೆರಳಿಗೆ ಹಾಕುವ ರಬ್ಬರ್ ಕವಚ, ಸಿಲಿಕೋನ್ ಗ್ರೀಸ್ ಸಾಕು. ಡಯಲ್ ಮೇಲಿನ ಧೂಳನ್ನು ಬಾಯಿಂದ ಊದಬೇಡಿ, ಉಗುಳಿನ ಹನಿಯ ಕಲೆ ಹೋಗುವುದಿಲ್ಲ.

ಪ್ರಶ್ನೆ: ಕ್ರೌನಿನ ಕಡ್ಡಿ (ಸ್ಟೆಮ್) ಕತ್ತರಿಸಿದ ಮ್ಯಾಲೆ ಕ್ರೌನ್ ತಿರುವಿದರೂ ಬಿಗಿಯಾಗವಲ್ದು. ತಾರೀಖೂ 12 ಗಂಟೆ 40 ನಿಮಿಷಕ್ಕ ಬದಲಾಗ್ತೈತಿ.
— ಜಮಖಂಡಿ

ಎರಡಕ್ಕೂ ಕಾರಣ ಬೇರೆಬೇರೆ. ಬಿಗಿಯಾಗದಿದ್ದರೆ ಸ್ಟೆಮ್ ಇನ್ನೂ ಉದ್ದವಿದೆ ಎಂದರ್ಥ, ನೀವು ಅದೃಷ್ಟವಂತರು. ಗಿಡ್ಡಾಗಿದ್ದರೆ ತಾರೀಖು ಮತ್ತು ಸಮಯದ ಹಂತಕ್ಕೆ ಕ್ರೌನ್ ಸರಿಯಾಗಿ ಎಳೆಯಲು ಬರುತ್ತಿರಲಿಲ್ಲ, ಹೊಸ ಸ್ಟೆಮ್ ತರಿಸುವುದೊಂದೇ ದಾರಿಯಾಗುತ್ತಿತ್ತು. ಸ್ಟೆಮ್ ಹೊರತೆಗೆಯಲು ಮಷೀನಿನ ಚಿಕ್ಕ ಗುಂಡಿಯನ್ನು ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಒಳಗಿನ ಲೀವರ್ ಜಾರಿ, ಆಮೇಲೆ ಸ್ಟೆಮ್ ಹಿಡಿದುಕೊಳ್ಳುವುದೇ ಇಲ್ಲ. ಒಮ್ಮೆಗೆ 0.1 ಮಿ.ಮೀ. ಅರದಿಂದ ಉಜ್ಜಿ, ತುದಿಯ ಗರಸು ತೆಗೆದು, ಕೂಡಿಸಿ ನೋಡಿ, ಮತ್ತೆ ಉಜ್ಜಿ. ಬೇಸರದ ಕೆಲಸ, ಆದರೆ ಅಡ್ಡದಾರಿಯಿಲ್ಲ. ತಿರುವಿ ಮುಚ್ಚುವ ಕ್ರೌನಿನೊಳಗೆ ಸ್ಪ್ರಿಂಗ್ ಇರುವುದರಿಂದ ಬರೀ ಕಣ್ಣಳತೆ ಮೋಸಮಾಡುತ್ತದೆ. ಎಲ್ಲ ಸರಿಹೋದ ಮೇಲೆಯೇ ಸ್ಟೆಮ್ಮಿನ ತಿರುಪಿನ ಎಳೆಗೆ ಲಾಕ್‌ಟೈಟ್ 222 ಅಂಟನ್ನು ಚುಕ್ಕಿಯಷ್ಟು ಹಚ್ಚಿ.

ತಾರೀಖಿನ ತಪ್ಪು ಮುಳ್ಳು ಕೂಡಿಸುವಾಗ ಆದದ್ದು. ಮುಳ್ಳು ಕೀಳುವ ಮೊದಲು ಡಯಲ್ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿ. ಬರೀ ಮಷೀನನ್ನು ಮುಂದಕ್ಕೆ ತಿರುಗಿಸುತ್ತ ಬನ್ನಿ. ತಾರೀಖು ಟಕ್ಕೆಂದು ಬಿದ್ದ ಕ್ಷಣ ನಿಲ್ಲಿಸಿ, ತಾಸಿನ ಮುಳ್ಳನ್ನೂ ನಿಮಿಷದ ಮುಳ್ಳನ್ನೂ ನೇರ 12ಕ್ಕೆ ಒತ್ತಿ. ಐದು ಹತ್ತು ನಿಮಿಷ ಹೆಚ್ಚುಕಮ್ಮಿಯಾದರೆ ಬಿಟ್ಟುಬಿಡಿ. ಮಧ್ಯಾಹ್ನ 12ಕ್ಕೆ ಬದಲಾಗುತ್ತಿದ್ದರೆ ಬಿಚ್ಚಲೇಬೇಡಿ, 12 ತಾಸು ಮುಂದೆ ತಿರುಗಿಸಿದರಾಯಿತು. ಸೆಕೆಂಡಿನ ಮುಳ್ಳೇ ಎಲ್ಲಕ್ಕಿಂತ ಕಷ್ಟ: ಭೂತಗನ್ನಡಿಯಲ್ಲಿ ಮುಳ್ಳಿನ ತೂತು ಮಷೀನಿನ ನಡುವಿನ ಕಂಬದ ಮೇಲೆ ನೆಟ್ಟಗೆ ಕೂತದ್ದು ಕಂಡ ಮೇಲೆಯೇ ಒತ್ತಬೇಕು. ಓರೆಯಾಗಿ ಒತ್ತಿದರೆ ಕಂಬ ಬಾಗುತ್ತದೆ. ಆಮೇಲೆ 12 ತಾಸೂ ತಿರುಗಿಸಿ ನೋಡಿ. ಒಂದು ಮುಳ್ಳು ಇನ್ನೊಂದನ್ನು ದಾಟುವಾಗ ವಾಚು ನಿಂತರೆ ಅವು ತಾಗುತ್ತಿವೆ.

ಇನ್ನೊಂದು, ರಾತ್ರಿ 9ರಿಂದ ಬೆಳಗಿನ 4ರ ನಡುವೆ ಕ್ರೌನಿನಿಂದ ತಾರೀಖು ಬದಲಿಸಬೇಡಿ. ಆ ಹೊತ್ತಿನಲ್ಲಿ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ.

ಪ್ರಶ್ನೆ: ಅಜ್ಜಾರ ಎಚ್‌ಎಂಟಿ ಜನತಾ ಮಷೀನು ಈ ಕೇಸಿಗೆ ಹಾಕಬಹುದೇನ್ರಿ?
— ಸಿಂದಗಿ

ಬೇಡ. ಸ್ಟೆಮ್ ಎತ್ತರ, ಮುಳ್ಳಿನ ತೂತು, ಡಯಲ್ ಕಾಲು ಯಾವುದೂ ಹೊಂದುವುದಿಲ್ಲ. 17 ಜ್ಯುವೆಲ್ಲಿನ ಆ ಚಾವಿ ವಾಚನ್ನು ಎಣ್ಣೆ ಹಾಕಿಸಿ ಅದರ ಕೇಸಿನಲ್ಲೇ ಕಟ್ಟಿಕೊಳ್ಳಿ.

ಪ್ರಶ್ನೆ: ಜುಲೈದಾಗ ಕೂಡಿಸಿದ ವಾಚಿನ ಗಾಜಿನೊಳಗ ಮಂಜು ಹಿಡೀತೈತಿ.
— ಖಾನಾಪುರ

ನಿಮ್ಮಲ್ಲಿಯ ಮಳೆಗಾಲದ ಹಸಿಗಾಳಿಯನ್ನು ಒಳಗೆ ಹಾಕಿ ಮುಚ್ಚಿದ್ದೀರಿ. ಹಿಂಬದಿ ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಗ್ಯಾಸ್ಕೆಟ್ಟಿಗೆ (ನೀರು ತಡೆಯುವ ರಬ್ಬರ್ ಉಂಗುರಕ್ಕೆ) ತೆಳುವಾಗಿ ಗ್ರೀಸ್ ಸವರಿ ಮುಚ್ಚಿ. ನಂತರ ಗಾಜಿನ ಮೇಲೆ ತಣ್ಣೀರಿನ ಹನಿ ಬಿಟ್ಟು ಒಂದು ನಿಮಿಷ ನೋಡಿ. ಮತ್ತೆ ಮಂಜು ಹಿಡಿದರೆ ಒಳಗೆ ಇನ್ನೂ ತೇವವಿದೆ, ಇಲ್ಲವೇ ಗಾಜಿನದೋ ಕ್ರೌನಿನದೋ ಗ್ಯಾಸ್ಕೆಟ್ ಸೋರುತ್ತಿರಬಹುದು. ಕೇಸಿನ ಬೆನ್ನಿಗೆ 200 ಮೀಟರ್ ಎಂದು ಕೊರೆದದ್ದನ್ನು ನಂಬಿ ಹೊಳೆಗೆ ಇಳಿಯಬೇಡಿ, ರಿಪೇರಿಯವರ ಬಳಿ ಒತ್ತಡದ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮೊದಲು ಸರಿ ಇತ್ತು, ಈಗ ದಿನಕ್ಕ 5 ನಿಮಿಷ ಮುಂದ ಓಡ್ತೈತಿ.
— ನವನಗರ, ಬಾಗಲಕೋಟೆ

ಮೊದಲ ಅನುಮಾನ ಅಯಸ್ಕಾಂತದ ಮೇಲೆ. ಸ್ಪೀಕರ್ ಅಥವಾ ಮ್ಯಾಗ್ನೆಟ್ ಇರುವ ಮೊಬೈಲ್ ಕವರಿನ ಬಳಿ ಇಟ್ಟಿರಬೇಕು. ದಿಕ್ಸೂಚಿಯ ಮೇಲೆ ವಾಚು ಹಿಡಿದಾಗ ಸೂಜಿ ಅಲುಗಿದರೆ ಅದೇ ಕಾರಣ. ಅಯಸ್ಕಾಂತದ ಗುಣ ತೆಗೆಯುವ ಡಿಮ್ಯಾಗ್ನೆಟೈಸರಿನ ಗುಂಡಿ ಒತ್ತಿ ಹಿಡಿದುಕೊಂಡೇ ವಾಚನ್ನು ಮೆಲ್ಲಗೆ ಒಂದು ಮೊಳ ದೂರ ಒಯ್ಯಿರಿ, ಆಮೇಲೆ ಗುಂಡಿ ಬಿಡಿ. ಅಲ್ಲಿಯವರೆಗೆ ಒಳಗಿನ ರೆಗ್ಯುಲೇಟರ್ (ಓಟದ ವೇಗ ಹೊಂದಿಸುವ ಲೀವರ್) ಮುಟ್ಟಬೇಡಿ.