ಸ್ಪೇನಿನ ರಿಯೋಹಾ ಪ್ರದೇಶದ ಕೆಂಪು ವೈನ್‌ನಲ್ಲಿ ಕ್ರಿಯಾನ್ಸಾ, ರೆಸೆರ್ವಾ, ಗ್ರಾನ್ ರೆಸೆರ್ವಾ: ರುಚಿಯಲ್ಲಿ ವ್ಯತ್ಯಾಸ ಗುರುತಿಸುವುದು ಹೇಗೆ?

ಈ ಹೆಸರುಗಳು ಹೇಳುವುದು ವೈನ್ ಎಷ್ಟು ಕಾಲ ಮಾಗಿದೆ ಎಂಬುದನ್ನು. ಕ್ರಿಯಾನ್ಸಾಗೆ ಕನಿಷ್ಠ 2 ವರ್ಷ, ಅದರಲ್ಲಿ 1 ವರ್ಷ ಓಕ್ ಮರದ ಪೀಪಾಯಿಯಲ್ಲಿ. ರೆಸೆರ್ವಾಗೆ 3 ವರ್ಷ, ಅದರಲ್ಲೂ ಪೀಪಾಯಿಯಲ್ಲಿ ಕನಿಷ್ಠ 1. ಗ್ರಾನ್ ರೆಸೆರ್ವಾಗೆ 5 ವರ್ಷ: ಕನಿಷ್ಠ 2 ಪೀಪಾಯಿಯಲ್ಲಿ, 2 ಬಾಟಲಿಯಲ್ಲಿ.

ಮೊದಲು ಉಷ್ಣಾಂಶ ಸರಿಮಾಡಿಕೊಳ್ಳಿ. 16–18 ಡಿಗ್ರಿ ಸೆಲ್ಸಿಯಸ್ ಬೇಕು. ನಮ್ಮ ಊರುಗಳ 28 ಡಿಗ್ರಿ ಕೋಣೆಯಲ್ಲಿಟ್ಟ ಬಾಟಲಿಯನ್ನು ಹಾಗೇ ಸುರಿದರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಹಣ್ಣಿನ ಪರಿಮಳ ಅಡಗಿಹೋಗುತ್ತದೆ. ಸುಮಾರು ಒಂದೂವರೆ ಗಂಟೆ ಫ್ರಿಜ್‌ನಲ್ಲಿಡಿ. ಲೋಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ.

ಬಿಳಿ ಕಾಗದದ ಮೇಲೆ ಲೋಟ ಓರೆಮಾಡಿ ಅಂಚು ನೋಡಿ. ಎಳೆಯ ವೈನ್‌ಗೆ ನೇರಳೆ ಛಾಯೆ, ಮಾಗಿದ್ದಕ್ಕೆ ಇಟ್ಟಿಗೆಯ ಕೆಂಪು. ಇನ್ನು ಮೂಗು. ಮುಖ್ಯ ದ್ರಾಕ್ಷಿ ತೆಂಪ್ರಾನಿಯೋ ಚೆರ್ರಿ, ಪ್ಲಮ್ ವಾಸನೆ ಕೊಡುತ್ತದೆ. ಅಮೆರಿಕನ್ ಓಕ್ ವೆನಿಲ್ಲಾ, ಒಣಕೊಬ್ಬರಿ ಸೇರಿಸುತ್ತದೆ. ಕೊಬ್ಬರಿಯ ಆ ಎಳೆ ನಮ್ಮ ಮೂಗಿಗೆ ಬೇಗ ಸಿಗುತ್ತದೆ, ಅದನ್ನೇ ಹಿಡಿದು ಶುರುಮಾಡಿ. ಗ್ರಾನ್ ರೆಸೆರ್ವಾದಲ್ಲಿ ಹಣ್ಣು ಹಿಂದೆ ಸರಿದು ಚರ್ಮ, ತಂಬಾಕು, ಒಣ ಅಂಜೂರ ಮುಂದೆ ಬರುತ್ತವೆ, ಒಗರೂ ಮೆತ್ತಗಾಗಿರುತ್ತದೆ.

ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕ್ ದೋಷ, ಅಂದರೆ ಬಿರಡೆಯಿಂದ ವೈನ್ ಕೆಟ್ಟಿದೆ. ಎಷ್ಟು ಹೊತ್ತು ಗಾಳಿಗಿಟ್ಟರೂ ಹೋಗದು. ಹಳೆಯ ಬಾಟಲಿಯಲ್ಲಿ ಗಷ್ಟು ಇರುತ್ತದೆ, ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಹಳೆಯ ವೈನನ್ನು ಗಂಟೆಗಟ್ಟಲೆ ಡಿಕ್ಯಾಂಟರ್‌ನಲ್ಲಿ (ವೈನ್ ಬಗ್ಗಿಸಿಡುವ ಗಾಜಿನ ಹೂಜಿಯಲ್ಲಿ) ಬಿಡಬೇಡಿ, ಸೂಕ್ಷ್ಮ ಪರಿಮಳ ಹಾರಿಹೋಗುತ್ತದೆ.