ಆ ಚೀಟಿ ಬರೆದವರು ನಿಮ್ಮ ಅಮ್ಮನನ್ನು ನೋಡಿದ್ದರಾ?

ನಿಮ್ಮ ಪತ್ರ ಓದಿ ಎರಡು ದಿನ ಆಯಿತು, ಇನ್ನೂ ಮನಸ್ಸಿನಿಂದ ಹೋಗಿಲ್ಲ. ಅಮ್ಮನಿಗೆ 74 ವರ್ಷ, ಮಂಡಿನೋವು. ಬಚ್ಚಲಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಕುರ್ಚಿ ಬಿಟ್ಟು ಏಳುತ್ತಿಲ್ಲ. ಫಿಸಿಯೋಥೆರಪಿಸ್ಟ್ ಬರೆದುಕೊಟ್ಟ ವ್ಯಾಯಾಮ ಮಾಡುತ್ತಿಲ್ಲ. ದಿನಾ ಜಗಳ. 'ಅವರ ಹಟ ಬಿಡಿಸುವುದು ಹೇಗೆ?' ಎಂದು ಕೇಳಿದ್ದೀರಿ.

ಹಟದ ಮಾತು ಇರಲಿ. ಪತ್ರದ ನಡುವೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: 'ಅಮ್ಮನಿಗೆ ಸುಮ್ನೆ ಓಡಾಟ ಯಾಕೆ ಅಂತ ರಿಪೋರ್ಟ್ ಹಿಡಿದು ನಾನೇ ಹೋಗಿ ಬರೆಸಿಕೊಂಡು ಬಂದೆ.' ಅಂದರೆ ಚೀಟಿ ಬರೆದವರು ಅಮ್ಮನನ್ನು ನೋಡೇ ಇಲ್ಲ, ಅಲ್ವಾ?

ನನಗೆ ಅಮ್ಮನ ಮೇಲೆ ಸಿಟ್ಟಿಲ್ಲ. ನಿಮ್ಮ ಮೇಲೆ ಸ್ವಲ್ಪ ಇದೆ. ಆ ಥೆರಪಿಸ್ಟ್ ಮೇಲೆ ಜಾಸ್ತಿ ಇದೆ. ಎದ್ದು ನಿಲ್ಲುವುದನ್ನು ನೋಡದೆ ಯಾರಿಗೂ ವ್ಯಾಯಾಮ ಬರೆಯಬಾರದು. ಇದನ್ನು ಇಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಎದೆಯ ಮೇಲೆ ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಎಂದು ಎಣಿಸಿದರೆ ಸಾಕು, ಕಾಲಿನ ಬಲ ಅಂದಾಜಿಗೆ ಸಿಗುತ್ತದೆ. ಅರ್ಧ ನಿಮಿಷದ ಕೆಲಸ. ಅದನ್ನೂ ಮಾಡದೆ 'ದಿನಾ 30 ನಿಮಿಷ ನಡಿಗೆ' ಎಂದು ಬರೆದಿದ್ದಾರೆ. ನಾಲ್ಕು ಹೆಜ್ಜೆಗೇ ಗೋಡೆ ಹಿಡಿಯುವವರಿಗೆ!

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಹೇಳಿದ್ದು ನಿಜ. ಆದರೆ ಸ್ವಲ್ಪದಿಂದ ಶುರುಮಾಡಿ ನಿಧಾನಕ್ಕೆ ಹೆಚ್ಚಿಸಿ ಎಂದೂ ಅದೇ ಹೇಳಿದೆ. ಬೀಳದಂತೆ ಇರಲು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಕಾಲಿನ ಬಲಕ್ಕೆ ವ್ಯಾಯಾಮ ಬೇಕು ಎಂದೂ ಹೇಳಿದೆ. ನಿಮ್ಮ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ.

ಅಮ್ಮನದು ಹಟ ಅಲ್ಲ, ಹೆದರಿಕೆ. ಬಿದ್ದವರು ಹೆದರಿ ಕೂರುತ್ತಾರೆ. ಕೂತಷ್ಟೂ ಕಾಲು ಸೋಲುತ್ತದೆ, ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಇದು ಗೊತ್ತಿರುವ ಥೆರಪಿಸ್ಟ್ ಪಕ್ಕದಲ್ಲೇ ನಿಂತು, ಗಟ್ಟಿ ಕುರ್ಚಿಯಿಂದ ಐದು ಸಲ ಏಳಿಸಿ ಕೂರಿಸುವುದರಿಂದ ಶುರುಮಾಡಬಹುದು. ಎರಡು ವಾರ ಬಿಟ್ಟು ನೋಡಿ, ಎಂಟಕ್ಕೆ ಏರಿಸಬಹುದು.

ಈ ವಾರವೇ ಅಮ್ಮನನ್ನು ಬೇರೆ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಹೇಳಲಿ, ನೀವು ಬಾಯಿ ಹಾಕಬೇಡಿ. ಅಲ್ಲಿಯವರೆಗೆ ಮನೆಯಲ್ಲಿ ಆ ಚೀಟಿಯ ಮಾತೇ ಎತ್ತಬೇಡಿ.